ಡಬ್ಬದ ಮೇಲೆ 600 ವ್ಯಾಟ್, ಮೀಟರ್‌ನಲ್ಲಿ 58: ಗಿಡ ಬೆಳೆಸುವ ಲೈಟ್ ಜೊತೆ ಹದಿನಾಲ್ಕು ತಿಂಗಳು

ಈ ಎಲ್‌ಇಡಿ ಲೈಟ್ ತಂದು ಹದಿನಾಲ್ಕು ತಿಂಗಳಾಯಿತು. ಮನೆಯೊಳಗೆ ಗಿಡ ಬೆಳೆಸಿದ್ದು ನನಗೆ ಅದೇ ಮೊದಲು. ಮೂರನೇ ತಿಂಗಳಲ್ಲಿ ಇದನ್ನು ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಈಗ ಅಷ್ಟು ಕೋಪ ಇಲ್ಲ. ಆದರೂ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ಆ ಒಂದು ಅಂಕಿಯ ಬಗ್ಗೆ ಹೇಳಲೇಬೇಕು.

600 ವ್ಯಾಟ್. ಅದನ್ನು ನಂಬಿಯೇ ಕೊಂಡೆ.

ಕಾಮಕಸ್ತೂರಿ ಮತ್ತು ಮೆಣಸಿನಕಾಯಿ ಬೀಜ ಹಾಕಿದೆ. ಕಾಮಕಸ್ತೂರಿ ಐದನೇ ದಿನಕ್ಕೆ ಮೊಳೆಯಿತು, ಮೆಣಸು ಹನ್ನೆರಡು ದಿನ ತೆಗೆದುಕೊಂಡಿತು. ಲೈಟನ್ನು ಸಸಿಗಳಿಂದ 60 ಸೆಂಟಿಮೀಟರ್ ಮೇಲೆ ನೇತು ಹಾಕಿ, ಹತ್ತಿರ ತಂದರೆ ಎಲೆ ಸುಟ್ಟುಹೋಗುತ್ತದೆ ಅಂತ ಜೊತೆಗೆ ಬಂದ ಚೀಟಿಯಲ್ಲಿತ್ತು. ಹಾಗೇ ಮಾಡಿದೆ. ಒಂದು ವಾರದಲ್ಲಿ ಕಾಂಡಗಳೆಲ್ಲ ನೂಲಿನ ಹಾಗೆ ಉದ್ದವಾದವು, ಹತ್ತನೇ ದಿನಕ್ಕೆ ಒಂದೊಂದಾಗಿ ಮಲಗಿದವು. ನೀರು ಕಡಿಮೆಯಾಯಿತೇನೋ ಅಂದುಕೊಂಡು ಜಾಸ್ತಿ ಹಾಕಿದೆ, ಅದರಿಂದ ಮಣ್ಣು ಒಣಗದೆ ಸಣ್ಣ ಕಪ್ಪು ನೊಣಗಳು ಬಂದವು, ನೊಣ ಹಿಡಿಯಲು ಹಳದಿ ಅಂಟು ಹಾಳೆ ತಂದೆ, ಆಮೇಲೆ ಮಣ್ಣೇ ಸರಿಯಿಲ್ಲ ಅಂತ ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ ಬೆರೆಸಿ ಹೊಸದಾಗಿ ಕಲಸಿದೆ. ಮೂರು ಸಲ ಬೀಜ ಹಾಕಿದೆ. ಮೂರು ಸಲವೂ ಅದೇ ಕಥೆ. ಲೈಟಿನ ಮೇಲೆ ಅನುಮಾನವೇ ಬರಲಿಲ್ಲ. 600 ವ್ಯಾಟ್ ಅಲ್ವಾ?

ಕೊನೆಗೆ ಪ್ಲಗ್ಗಿಗೆ ಹಾಕುವ ಕರೆಂಟ್ ಮೀಟರ್ ಸಿಕ್ಕಿತು. ಲೈಟನ್ನು ಪೂರ್ತಿ ಹೆಚ್ಚಿಸಿ ನೋಡಿದರೆ 58 ವ್ಯಾಟ್. ಮೀಟರ್ ಕೆಟ್ಟಿರಬೇಕು ಅಂತ ಬೇರೆ ಬಲ್ಬ್ ಹಾಕಿ ನೋಡಿದೆ, ಅದು ಸರಿಯಾಗಿಯೇ ತೋರಿಸಿತು. ಲೆಕ್ಕ ಆಮೇಲೆ ಅರ್ಥವಾಯಿತು. ಒಳಗೆ 60 ಚಿಪ್‌ಗಳಿವೆ, ಒಂದೊಂದು ಚಿಪ್ಪೂ ಹೆಚ್ಚೆಂದರೆ 10 ವ್ಯಾಟ್ ತಡೆಯುತ್ತದಂತೆ. ಎರಡನ್ನೂ ಗುಣಿಸಿ ಡಬ್ಬದ ಮೇಲೆ ಬರೆದಿದ್ದಾರೆ. ಚಿಪ್‌ಗಳನ್ನು ಅಷ್ಟು ಜೋರಾಗಿ ಯಾರೂ ಉರಿಸುವುದಿಲ್ಲ, ಉರಿಸಿದರೆ ಬಿಸಿಗೆ ಹಾಳಾಗುತ್ತವೆ. ನಿಜವಾಗಿ ಎಳೆಯುವ ಕರೆಂಟ್ ಎಷ್ಟು ಅಂತ ಹಿಂಭಾಗದಲ್ಲಿ ಎಲ್ಲೂ ಬರೆದಿಲ್ಲ. ವಾಪಸ್ ಕೊಡುವ ಅವಧಿ ಆಗಲೇ ಮುಗಿದಿತ್ತು. ಎರಡು ಸಲ ದೂರು ಬರೆದೆ, ಉತ್ತರ ಬರಲಿಲ್ಲ.

ಹೊಸದು ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಇದರಲ್ಲೇ ಏನಾಗುತ್ತದೆ ನೋಡೋಣ ಅಂತ ಕೂತೆ. ಫೋನಿನಲ್ಲಿ ಬೆಳಕು ಅಳೆಯುವ ಆಪ್ ಹಾಕಿಕೊಂಡೆ. ಅದು ಲಕ್ಸ್ ತೋರಿಸುತ್ತದೆ, ಅಂದರೆ ನಮ್ಮ ಕಣ್ಣಿಗೆ ಕಾಣುವ ಬೆಳಕು. ಗಿಡದ ಲೆಕ್ಕ ಬೇರೆ. 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವುದು ಮುಖ್ಯ, ಅದನ್ನು ಮೈಕ್ರೊಮೋಲ್‌ನಲ್ಲಿ ಹೇಳುತ್ತಾರೆ. ಮೋಲ್ ಅಂದರೆ ಕಣಗಳನ್ನು ಎಣಿಸುವ ಒಂದು ಅಳತೆ, ಹತ್ತು ಲಕ್ಷ ಮೈಕ್ರೊಮೋಲ್ ಸೇರಿದರೆ ಒಂದು ಮೋಲ್. ಬಿಳಿ ಎಲ್‌ಇಡಿ ಆದರೆ ಲಕ್ಸನ್ನು 70ರಿಂದ ಭಾಗಿಸಿದರೆ ಹತ್ತಿರದ ಅಂದಾಜು ಸಿಗುತ್ತದೆ. 60 ಸೆಂಟಿಮೀಟರ್ ಕೆಳಗೆ ನನಗೆ ಸಿಕ್ಕಿದ್ದು 7,000 ಲಕ್ಸ್, ಅಂದರೆ ಸುಮಾರು 100 ಮೈಕ್ರೊಮೋಲ್. ದಿನಕ್ಕೆ 16 ಗಂಟೆ ಉರಿಸಿದರೂ ದಿನದ ಒಟ್ಟು 6 ಮೋಲ್ ಮುಟ್ಟುವುದಿಲ್ಲ. ಕಾಮಕಸ್ತೂರಿ ಚೆನ್ನಾಗಿ ಬರಬೇಕಾದರೆ 12 ಮೋಲ್ ಆದರೂ ಬೇಕು. ಪಾಪ, ಆ ಸಸಿಗಳು ಬೆಳಕು ಹುಡುಕಿಕೊಂಡು ಮೇಲೆ ಮೇಲೆ ಹೋಗಿದ್ದವು. ನಾನು ನೀರು ಹಾಕುತ್ತಾ ಕೂತಿದ್ದೆ.

ಲೈಟನ್ನು 30 ಸೆಂಟಿಮೀಟರಿಗೆ ಇಳಿಸಿದೆ. 18,000 ಲಕ್ಸ್. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 15 ಮೋಲ್. ಒಂದೆಲೆಯೂ ಸುಡಲಿಲ್ಲ.

ನಾಲ್ಕನೇ ಸಲ ಹಾಕಿದ ಬೀಜದ ಗಿಡಗಳು ಕುಳ್ಳಗೆ, ದಪ್ಪ ಕಾಂಡದವಾಗಿ ಬಂದವು. ಅಲ್ಲಿಂದ ನನ್ನ ಬೆಳಗು ಬದಲಾಯಿತು. ಟೈಮರ್ ಐದು ಗಂಟೆಗೆ ಲೈಟ್ ಹೊತ್ತಿಸುತ್ತದೆ, ನಾನು ಏಳುವುದೂ ಆಗಲೇ. ಮೊದಲು ಪ್ರತಿ ಕುಂಡವನ್ನೂ ಕಾಲು ಸುತ್ತು ತಿರುಗಿಸುತ್ತೇನೆ. ಆಮೇಲೆ ಎತ್ತಿ ನೋಡುತ್ತೇನೆ, ಹಗುರ ಅನಿಸಿದರೆ ಮಾತ್ರ ನೀರು. ಎಳೆ ಸಸಿಗಳ ಮೇಲೆ ಅಂಗೈ ಮೆಲ್ಲಗೆ ಆಡಿಸುತ್ತೇನೆ, ಹೀಗೆ ದಿನಾ ಅಲುಗಿಸಿದರೆ ಕಾಂಡ ಗಟ್ಟಿಯಾಗುತ್ತದೆ. ಕಾಮಕಸ್ತೂರಿಗೆ ಮೂರು ಜೊತೆ ಎಲೆ ಬಂದ ಮೇಲೆ ತುದಿ ಚಿವುಟುತ್ತೇನೆ, ಚಿವುಟಿದ ಕಡೆ ಎರಡು ಕವಲು ಒಡೆಯುತ್ತವೆ. ಆ ವಾಸನೆ ಬೆರಳಿಗೆ ಅಂಟಿಕೊಂಡು ಮಧ್ಯಾಹ್ನದವರೆಗೂ ಇರುತ್ತದೆ. ವಾರಕ್ಕೊಮ್ಮೆ ಹಗ್ಗದ ಕ್ಲಿಪ್ ಸಡಿಲಿಸಿ ಲೈಟನ್ನು ಎರಡು ಬೆರಳಷ್ಟು ಮೇಲೆತ್ತುತ್ತೇನೆ, ಗಿಡಕ್ಕೂ ಲೈಟಿಗೂ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಂತರ ಇರುವ ಹಾಗೆ. ಆ ಹಗ್ಗ, ಕ್ಲಿಪ್ ಎರಡೂ ಚೆನ್ನಾಗಿವೆ, ಇವತ್ತಿನವರೆಗೆ ಒಮ್ಮೆಯೂ ಜಾರಿಲ್ಲ.

ಇನ್ನೆರಡು ವಿಷಯ ಇಷ್ಟವಾದವು. ಇದರ ಬೆಳಕು ಬಿಳಿ. ಇದಕ್ಕೂ ಮುಂಚೆ ಪರಿಚಯದವರ ಮನೆಯಲ್ಲಿ ನೇರಳೆ ಲೈಟ್ ನೋಡಿದ್ದೆ, ಅದರ ಕೆಳಗೆ ಎಲೆ ಹಸಿರಾಗಿದೆಯೋ ಹಳದಿಯಾಗಿದೆಯೋ ಗೊತ್ತೇ ಆಗುವುದಿಲ್ಲ. ಇದರಲ್ಲಿ ಕೆಳಗಿನ ಒಂದು ಎಲೆ ಮಾಸಿದರೂ ಅವತ್ತೇ ಕಾಣುತ್ತದೆ. ಇನ್ನೊಂದು, ಫ್ಯಾನ್ ಇಲ್ಲದ್ದರಿಂದ ಸದ್ದೇ ಇಲ್ಲ. ನಾನು ಮಲಗುವ ಕೋಣೆಯಲ್ಲೇ ಇಟ್ಟಿದ್ದೇನೆ.

ಮೆಣಸಿನ ವಿಷಯಕ್ಕೆ ಬಂದರೆ ಬೇಜಾರು ಪೂರ್ತಿ ಹೋಗಿಲ್ಲ. ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ 20 ಮೋಲ್‌ಗಿಂತ ಮೇಲೆ ಬೇಕು. ನಡುವಿನ ಕುಂಡಕ್ಕೆ ಲೈಟ್ ತೀರಾ ಹತ್ತಿರ ತಂದರೆ ಅಷ್ಟು ಸಿಗುತ್ತದೆ, ಅಂಚಿನಲ್ಲಿ ಅದರ ಅರ್ಧವೂ ಇಲ್ಲ. ನಾಲ್ಕು ಗಿಡಗಳೂ ಹೂ ಬಿಟ್ಟವು. ಒಳಗೆ ಗಾಳಿ ಇಲ್ಲವಲ್ಲ, ದಿನಾ ಬೆಳಿಗ್ಗೆ ಒಂದೊಂದು ಹೂವನ್ನೂ ಬೆರಳಿಂದ ತಟ್ಟಿ ಪರಾಗ ಉದುರಿಸಿದೆ. ಆದರೂ ಅಂಚಿನ ಮೂರು ಗಿಡಗಳ ಹೂ ಉದುರಿಹೋದವು, ನಡುವಿನ ಗಿಡ ಮಾತ್ರ ಕಾಯಿ ಹಿಡಿಯಿತು. ಹನ್ನೊಂದು ಕಾಯಿ. ಎಣಿಸಿದ್ದೇನೆ.

ಕರೆಂಟಿನ ಲೆಕ್ಕವೂ ಹೇಳಿಬಿಡುತ್ತೇನೆ. 58 ವ್ಯಾಟ್, 16 ಗಂಟೆ, ತಿಂಗಳಿಗೆ ಸುಮಾರು 28 ಯೂನಿಟ್. ನನ್ನ ಕೈಗೆ ಇದು ನಿಲುಕುತ್ತದೆ. ನಿಜವಾಗಿಯೂ 600 ಇದ್ದಿದ್ದರೆ 288 ಯೂನಿಟ್ ಆಗುತ್ತಿತ್ತು, ಅಷ್ಟು ಬಿಲ್ ಕಟ್ಟಿ ಗಿಡ ಬೆಳೆಸಲು ನನ್ನಿಂದ ಆಗುತ್ತಿರಲಿಲ್ಲ. ಡಬ್ಬದ ಮೇಲೆ 58 ಅಂತಲೇ ಬರೆದಿದ್ದರೂ ಸೊಪ್ಪಿಗೆ ಸಾಕು ಅಂತ ಇದನ್ನೇ ಕೊಳ್ಳುತ್ತಿದ್ದೆನೋ ಏನೋ. ಆ ಮೂರು ತಿಂಗಳು, ಅಷ್ಟು ಸಸಿಗಳು ಸುಮ್ನೆ ಹೋದವಲ್ಲ, ಅದಕ್ಕೇ ಎರಡು ಸ್ಟಾರ್ ಕಡಿಮೆ.

ಸೊಪ್ಪು, ಕಾಮಕಸ್ತೂರಿ, ಪುದೀನ ಬೆಳೆಸುವವರು ಧೈರ್ಯವಾಗಿ ತೆಗೆದುಕೊಳ್ಳಿ, ಚೀಟಿಯಲ್ಲಿರುವ ಎತ್ತರವನ್ನು ಮಾತ್ರ ನಂಬಬೇಡಿ. ಮೆಣಸು, ಟೊಮೆಟೊ ಬೇಕು ಅನ್ನುವವರು ಬೇರೆ ನೋಡಿ. ನನ್ನ ಮೆಣಸಿನ ಗಿಡಗಳನ್ನು ಹೋದ ವಾರ ಕಿಟಕಿಗೆ ಸರಿಸಿದೆ, ಅಂಚಿನ ಒಂದು ಗಿಡದಲ್ಲಿ ಮತ್ತೆ ಮೊಗ್ಗು ಕಾಣುತ್ತಿದೆ.