ಹಳೇ ಹೀಲಿಯೋಸಾ, ಹೊಸ ಆಟೋಫೋಕಸ್ ಲೆನ್ಸಾ?

ಮಿರರ್‌ಲೆಸ್ ಕ್ಯಾಮೆರಾ ತಗೊಂಡಾಯ್ತು, ಈಗ ಲೆನ್ಸ್ ಯಾವುದು? ನನ್ನ ಹತ್ತಿರ ಎರಡೂ ಇವೆ: ಕೈಯಿಂದಲೇ ಫೋಕಸ್ ಮಾಡಬೇಕಾದ ಸೋವಿಯತ್ ಕಾಲದ ಹೀಲಿಯೋಸ್ 44-2 (58 ಎಂಎಂ, ಎಫ್/2) ಮತ್ತು ತಾನೇ ಫೋಕಸ್ ಮಾಡುವ ಹೊಸ 50 ಎಂಎಂ ಎಫ್/1.8.

ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಲ್ಲಿ ಉಡುಪಿ ರಥಬೀದಿಯಲ್ಲಿ ಹುಲಿವೇಷ ತೆಗೆಯೋದಾದರೆ ಯೋಚನೆಯೇ ಬೇಡ, ಹೊಸದೇ ಸರಿ. ಹುಲಿ ಪಲ್ಟಿ ಹೊಡೆಯುವಾಗ ಕೈಯಲ್ಲಿ ಫೋಕಸ್ ರಿಂಗ್ ತಿರುಗಿಸುತ್ತಾ ನಿಂತರೆ ಸಿಗೋದು ಬರೀ ಬಾಲ.

ಅದೇ ಹುಲಿ ಮೈಬಣ್ಣ ಒಣಗಲಿ ಅಂತ ಮರದಡಿ ಸುಮ್ನೆ ನಿಂತಿದ್ದಾಗ ಹೀಲಿಯೋಸ್ ಹಾಕಿ ನೋಡಿ. ಲೆನ್ಸ್ ಪೂರ್ತಿ ತೆರೆದ ಎಫ್/2ರಲ್ಲಿ ಹಿಂದಿನ ಎಲೆಗಳೆಲ್ಲ ನೀರಿನ ಸುಳಿಯಂತೆ ಸುತ್ತುತ್ತವೆ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ ಕ್ಯಾಮೆರಾದಲ್ಲಂತೂ ಇನ್ನೂ ಜಾಸ್ತಿ. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಇದೆ ನಿಜ, ಆದರೆ ನಾನು ರೆಪ್ಪೆಯ ಕೂದಲನ್ನು ದೊಡ್ಡದು ಮಾಡಿ ನೋಡಿಯೇ ಕ್ಲಿಕ್ ಮಾಡುವುದು. ಈ ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಕೂರಿಸಲು ಎಂ42 ಅಡಾಪ್ಟರ್ ಬೇಕು. ಈ ಲೆನ್ಸ್ ಇರೋದು ಕ್ಯಾಮೆರಾಗೆ ಗೊತ್ತಾಗುವುದಿಲ್ಲ, ಹಾಗಾಗಿ ಕೆಲವು ಕ್ಯಾಮೆರಾಗಳಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬೀಳುವ ಸೆಟ್ಟಿಂಗ್ ಆನ್ ಮಾಡಬೇಕು. ಗೊತ್ತಿಲ್ಲದೆ ಮೊದಲ ದಿನ ಕ್ಯಾಮೆರಾ ಕೆಟ್ಟಿತು ಅಂತಲೇ ಗಾಬರಿಯಾಗಿದ್ದೆ!

ಒಂದೇ ಸಾಕು ಅನ್ನುವವರು ಹೊಸದನ್ನೇ ಕೊಳ್ಳಿ.

ಹಳೇದು ಕೊಳ್ಳುವಾಗ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಇಣುಕಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹೊಸ ಲೆನ್ಸಿಗೂ ಅದು ಹಿಡಿಯುತ್ತದೆ. ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆಗೇ ಇಡಿ.