ಬ್ರೇಕ್ ದೂರ ಲೆಕ್ಕ ಹಾಕುವ ಆಪ್: ನೇರ ರಸ್ತೆಗೆ ಸರಿ, ಘಾಟಿಗೆ ಸಾಲದು

ತಿಂಗಳಿಗೆ ಎರಡು ಸಲವಾದರೂ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇನೆ. ಕಾರಿನ ವೇಗ ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅಂತ ಹೇಳುವ ಒಂದು ಉಚಿತ ಆಪ್ ಇದೆ ಅಂತ ಅಕ್ಕನ ಮಗ ಹೇಳಿದ. ಹಾಕಿಕೊಂಡೆ.

ಬಳಸೋದು ಸುಲಭ. ವೇಗ, ಕಾರಿನ ತೂಕ, ರಸ್ತೆ ಒಣಗಿದೆಯೋ ಒದ್ದೆಯೋ, ಅಷ್ಟೇ. ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ 9 ಮೀಟರ್ ಅಂತು, 80ಕ್ಕೆ 36. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಗೊತ್ತಿದ್ದ ವಿಷಯವೇ, ಆದರೂ ಅಂಕಿ ಕಣ್ಣೆದುರು ಬಂದಾಗ ಸ್ವಲ್ಪ ಹೆದರಿಕೆಯೇ ಆಯಿತು.

ಸುಮ್ನೆ ನಂಬೋದು ಬೇಡ ಅಂತ ಒಂದು ಭಾನುವಾರ ಬೆಳಿಗ್ಗೆ ಊರಾಚೆಯ ಖಾಲಿ ರಸ್ತೆಗೆ ಟೇಪು ಹಿಡಿದುಕೊಂಡು ಹೋದೆವು. 40ರಲ್ಲಿ ಬಂದು ಗೋಣಿಚೀಲ ಇಟ್ಟ ಜಾಗದಲ್ಲಿ ಬ್ರೇಕ್ ತುಳಿದರೆ 10 ಮೀಟರ್ ಚಿಲ್ಲರೆ ಬಂತು, ಪರವಾಗಿಲ್ಲ. ಆಮೇಲೆ ಅಕ್ಕನ ಮಗ ಪಕ್ಕದ ಸೀಟಲ್ಲಿ ಕೂತು, ತನಗೆ ಬೇಕಾದ ಕರೆಂಟ್ ಕಂಬ ಬಂದಾಗ "ಮಾವ, ನಿಲ್ಸು!" ಅಂತ ಕೂಗಿದ. ಕಂಬದಿಂದ ಅಳೆದರೆ 19 ಮೀಟರ್! ಕೂಗುತ್ತಾನೆ ಅಂತ ಮೊದಲೇ ಗೊತ್ತಿದ್ದೂ ಇಷ್ಟು. ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡಲ್ಲಿ 40ರ ಕಾರು 11 ಮೀಟರ್ ಓಡಿರುತ್ತದೆ, ಅದನ್ನು ಈ ಆಪ್ ಸೇರಿಸುವುದೇ ಇಲ್ಲ.

ತೂಕ 900 ಹಾಕಿದರೂ 1500 ಹಾಕಿದರೂ ಉತ್ತರ ಒಂದೇ. ಕೆಟ್ಟಿದೆ ಅಂದುಕೊಂಡೆ. ಪಕ್ಕದ ಮನೆಯ ಫಿಸಿಕ್ಸ್ ಮೇಷ್ಟ್ರು ನಕ್ಕರು: "ಅದು ಸರಿಯಾಗಿಯೇ ಇದೆ ಮಾರಾಯ್ರೇ, ತೂಕ ಜಾಸ್ತಿ ಆದರೆ ಟೈರಿನ ಹಿಡಿತವೂ ಅಷ್ಟೇ ಜಾಸ್ತಿ." ಆದರೆ ಘಾಟಿಯಲ್ಲಿ ಆ ತೂಕವನ್ನೆಲ್ಲ ಬ್ರೇಕೇ ತಡೆಯಬೇಕು, ಅದು ಕಾಯುತ್ತದೆ, ಕಾದರೆ ಹಿಡಿಯುವುದಿಲ್ಲ ಅಂತಲೂ ಹೇಳಿದರು. ಎರಡನೇ ಗೇರಲ್ಲಿ ಇಳಿಯಿರಿ ಅನ್ನೋದು ಅದಕ್ಕೇ. ಹಾಗಾದರೆ ಉತ್ತರ ಬದಲಾಗದ ತೂಕವನ್ನು ಈ ಆಪ್ ಕೇಳೋದಾದರೂ ಯಾಕೆ?

ದೊಡ್ಡ ಕೊರತೆ ಅಂದರೆ ಇಳಿಜಾರಿನ ಲೆಕ್ಕವೇ ಇಲ್ಲ. ಒದ್ದೆ ರಸ್ತೆಯಲ್ಲಿ 40ಕ್ಕೆ 16 ಮೀಟರ್ ಅನ್ನುತ್ತದೆ. ನೂರು ಮೀಟರಿಗೆ ಹತ್ತು ಮೀಟರ್ ಇಳಿಯುವ ರಸ್ತೆ ಆದರೆ ಅದೇ 21 ಆಗುತ್ತದೆ ಅಂತ ಮೇಷ್ಟ್ರು ಕಾಗದದ ಮೇಲೆ ಹಾಕಿ ತೋರಿಸಿದರು. ಐದು ಮೀಟರ್ ಅಂದರೆ ಒಂದು ಸಣ್ಣ ಕಾರಿಗಿಂತ ಉದ್ದ. ಆಗುಂಬೆಯ 14 ತಿರುವುಗಳಲ್ಲಿ ಯಾವುದರಲ್ಲಾದರೂ ಎದುರಿಗೆ ಮಿನಿ ಬಸ್ ಬಂತು ಅಂದುಕೊಳ್ಳಿ, ಜೊತೆಗೆ ಮಳೆ, ಮಂಜು. ಆ ಐದು ಮೀಟರ್ ಎಲ್ಲಿಂದ ತರೋದು?

ಜಾಹೀರಾತಂತೂ ಪ್ರತಿ ಲೆಕ್ಕಕ್ಕೂ ಒಂದು. ಟೈರ್ ಸವೆದಿದ್ದರೆ ಏನು ಅಂತಲೂ ಕೇಳುವುದಿಲ್ಲ. ಹೊಸದಾಗಿ ಡ್ರೈವಿಂಗ್ ಕಲಿಯುವ ಹುಡುಗರಿಗೆ ತೋರಿಸಲು ಚೆನ್ನಾಗಿದೆ, ಐದಕ್ಕೆ ಮೂರು ಸ್ಟಾರ್. ಇಳಿಜಾರು ಸೇರಿಸಿದ ದಿನ ನಾಲ್ಕನೆಯದು ಕೊಡುತ್ತೇನೆ.