ಟೆಲಿ ಮಾನಸ್ 14416: ತಂಗಿಗೋಸ್ಕರ ಫೋನ್ ಮಾಡಿದ್ದು

ನಮ್ ತಂಗಿ ಹಾಸನದಲ್ಲಿ ಕಾಲೇಜಿಗೆ ಹೋಗ್ತಾಳೆ, ಮದ್ವೆ ಮನೇಲಿ ಯಾರೋ "ದಪ್ಪ ಆಗಿದ್ಯಲ್ಲೇ" ಅಂದಿದ್ದೇ ಸರಿ, ಊಟ ಬಿಡೋದು, ತಿಂದ್ರೆ ಬಾತ್‌ರೂಮಲ್ಲಿ ಬೆರಳು ಹಾಕಿ ವಾಂತಿ ಮಾಡ್ಕೊಳ್ಳೋದು ಶುರುವಾಯ್ತು, ಹಲ್ಲು ತಾಗಿ ತಾಗಿ ಬೆರಳ ಗೆಣ್ಣಿನ ಮೇಲೆ ಗಾಯದ ಕಲೆ ಬೇರೆ. ನೋಡಿ ಕರುಳು ಕಿತ್ತು ಬಂತು.

ಟೆಲಿ ಮಾನಸ್ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಅದರ 14416ಗೆ ಫೋನ್ ಮಾಡ್ದೆ. ಫ್ರೀ, ದಿನದ 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡಿದ್ರು. ಹಟ ಅಂತ ಬೈಬೇಡಿ ಮೇಡಂ, ಇದು ಕಾಯಿಲೆ, ಪದೇ ಪದೇ ವಾಂತಿಯಾದ್ರೆ ಪೊಟ್ಯಾಸಿಯಂ ಇಳಿದು ಹೃದಯಕ್ಕೇ ಅಪಾಯ, ಬೇಗ ಬ್ಲಡ್ ಟೆಸ್ಟ್ ಮಾಡ್ಸಿ, ಸೈಕಿಯಾಟ್ರಿಸ್ಟ್‌ಗೆ ತೋರ್ಸಿ ಅಂತ ಬಿಡಿಸಿ ಹೇಳಿದ್ರು, ಒಂಚೂರೂ ಅವಸರ ಮಾಡ್ಲಿಲ್ಲ. ಬರೀ ಫೋನಲ್ಲೇ ವಾಸಿಯಾಗಲ್ಲ, ಡಾಕ್ಟರ್ ಹತ್ರ ಹೋಗ್ಲೇಬೇಕು, ಆದ್ರೆ ದಾರಿ ಗೊತ್ತಾಗತ್ತೆ. ಈ ನಂಬರ್ ಸಿಗ್ಲಿಲ್ಲ ಅಂದ್ರೆ 1800-89-14416 ಇದೆ.